ಪ್ರವಾಸಕ್ಕೆ ಮೊದಲೇ ಸ್ವಲ್ಪ ಸ್ವಲ್ಪ ಕೊಳಕಿಗೆ ಮೈಯೊಡ್ಡಿದರೆ ಇಮ್ಯುನಿಟಿ ಬರುತ್ತದಾ?

ಇಲ್ಲ, ಆ ಪ್ರಯೋಗ ಬೇಡ. ನಮ್ಮ ದೇಹ ತಾನು ಎದುರಿಸಿದ ರೋಗಾಣುವನ್ನಷ್ಟೇ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಪ್ರವಾಸಿಗಳ ಭೇದಿಗೆ ಹೆಚ್ಚಾಗಿ ಕಾರಣ ಇ. ಕೋಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು. ನೀವು ಹೋಗುವ ಜಾಗದವರು ಚಿಕ್ಕಂದಿನಿಂದ ಅವುಗಳ ಜೊತೆ ಏಗಿ, ಎಷ್ಟೋ ಸಲ ಕಾಯಿಲೆ ಬಿದ್ದು ಇಮ್ಯುನಿಟಿ ಪಡೆದಿರುತ್ತಾರೆ. ನೀವು ಮನೆಯಲ್ಲಿ ಕೈ ತೊಳೆಯದೆ ಉಂಡರೆ ಸಿಗುವುದು ನಿಮ್ಮ ಸುತ್ತಲಿನ ರೋಗಾಣುಗಳು, ಅಲ್ಲಿನವಲ್ಲ. ಸುಮ್ನೆ ಅಪಾಯ ಅಷ್ಟೇ.

ಜಾಸ್ತಿ ಸ್ವಚ್ಛತೆ ಒಳ್ಳೆಯದಲ್ಲ ಅನ್ನುವ ಮಾತು ಕೇಳಿರುತ್ತೀರಿ, ಅಲ್ವಾ? 1989ರಲ್ಲಿ ಬ್ರಿಟನ್ನಿನ ಸಂಶೋಧಕ ಡೇವಿಡ್ ಸ್ಟ್ರಾಚನ್ ಮುಂದಿಟ್ಟ ಆ ಊಹೆ ಅಲರ್ಜಿಗೆ ಸಂಬಂಧಿಸಿದ್ದು. ಟೈಫಾಯ್ಡ್‌ಗೂ ಅದಕ್ಕೂ ಸಂಬಂಧವಿಲ್ಲ.

ಕಾಯಿಲೆ ಬೀಳದೆ ರಕ್ಷಣೆ ಬೇಕಾದರೆ ಲಸಿಕೆಯೇ ದಾರಿ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಬೇಕಾ ಎಂದು ಹೊರಡುವ ಕೆಲವು ವಾರ ಮೊದಲೇ ವೈದ್ಯರನ್ನು ಕೇಳಿ. ಬಾಟಲಿ ನೀರನ್ನೇ ಕುಡಿಯುವವರೂ ಜ್ಯೂಸ್‌ಗೆ ಐಸ್ ಹಾಕಿಸಿಕೊಳ್ಳುತ್ತಾರೆ. ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳೆಲ್ಲ ಸಾಯುವುದಿಲ್ಲ. ಸ್ಯಾನಿಟೈಜರ್ ಕೂಡ ವಾಂತಿ-ಭೇದಿ ತರುವ ನೊರೊವೈರಸ್‌ಗೆ ಅಷ್ಟಾಗಿ ನಾಟುವುದಿಲ್ಲ, ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಬೇಕು. ಭೇದಿ ಶುರುವಾದರೆ ಕೂಡಲೇ ಓಆರ್‌ಎಸ್ ಕುಡಿಯಿರಿ. ಜ್ವರ ಜೋರಾಗಿದ್ದರೆ ಅಥವಾ ರಕ್ತ ಕಂಡರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ.