ಚರ್ಮದ ರಟ್ಟಿಗೆ ಎಣ್ಣೆ ಬೇಡ, ಗಾಳಿ ಬೇಕು

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲದ ಪ್ರಶ್ನೆಗಳೆಲ್ಲ ಇಂಗ್ಲಿಷಿನ ಹಳೆಯ ಕಾದಂಬರಿಗಳ ಸಚಿತ್ರ, ಚರ್ಮದ ಹೊದಿಕೆಯ ಆವೃತ್ತಿಗಳ ಕುರಿತು.

‘ಲೆದರ್ ಬೌಂಡ್’ ಎಂದು ಮಾರುವ ಪುಸ್ತಕಗಳ ಬೆಲೆಯಲ್ಲಿ ಅಜಗಜಾಂತರವಿದೆ. ನಿಜವಾದ ಚರ್ಮವನ್ನು ಗುರುತಿಸುವುದು ಹೇಗೆ? (ಬೆಂಗಳೂರು)

ಮೊದಲು ವಿವರಣೆಯನ್ನು ಅಕ್ಷರ ಬಿಡದೆ ಓದಿ. ‘ಬಾಂಡೆಡ್ ಲೆದರ್’ ಎಂದರೆ ಚರ್ಮದ ಚೂರು, ನಾರುಗಳನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿ, ಮೇಲೆ ಪ್ಲಾಸ್ಟಿಕ್ ಪದರ ಕೊಟ್ಟದ್ದು. ‘ಲೆದರೆಟ್’ ಎಂದರೆ ನಮ್ಮ ರೆಕ್ಸಿನ್ ಜಾತಿಯದು. ಓದುವುದಕ್ಕೆ ಎರಡೂ ಸಾಕು. ಆದರೆ ಬಾಂಡೆಡ್ ಲೆದರ್, ರಟ್ಟು ಬೆನ್ನಿಗೆ ಸೇರುವ ಕೀಲಿನಲ್ಲಿ ಕೆಲವು ವರ್ಷಗಳಿಗೆ ಸಿಪ್ಪೆ ಏಳುತ್ತದೆ. ಎದ್ದ ಸಿಪ್ಪೆಯನ್ನು ಮತ್ತೆ ಕೂರಿಸಲು ಆಗುವುದಿಲ್ಲ.

ಅಮೆರಿಕದ ಪ್ರಕಾಶನ ಸಂಸ್ಥೆ ಈಸ್ಟನ್ ಪ್ರೆಸ್‌ನ ಚರ್ಮದ ಪುಸ್ತಕಗಳಲ್ಲಿ ಬೆನ್ನಿನ ಮೇಲೆ ಉಬ್ಬು ಪಟ್ಟಿ, 22 ಕ್ಯಾರೆಟ್ ಚಿನ್ನದ ಅಚ್ಚು, ಮೂರೂ ಅಂಚಿಗೆ ಚಿನ್ನ ಇರುತ್ತವೆ. ಅಲ್ಲಿನದೇ ಇನ್ನೊಂದು ಪ್ರಕಾಶನ ಸಂಸ್ಥೆ ಫ್ರಾಂಕ್ಲಿನ್ ಲೈಬ್ರರಿಯ ವಿಷಯದಲ್ಲಿ ಹೆಸರೊಂದನ್ನೇ ನೋಡಿ ದುಡ್ಡು ಕೊಡಬೇಡಿ. ಅವರು ಪೂರ್ಣ ಚರ್ಮದಲ್ಲೂ, ಬೆನ್ನಿಗಷ್ಟೇ ಚರ್ಮ ಹಾಕಿಯೂ, ಲೆದರೆಟ್‌ನಲ್ಲೂ ಬೇರೆ ಬೇರೆ ಮಾಲೆಗಳನ್ನು ತಂದಿದ್ದಾರೆ.

ಮಾರುವವರಿಂದ ಎರಡು ಫೋಟೊ ಕೇಳಿ: ಕೀಲಿನದೊಂದು, ಒಂದು ಫಾರಂನ (ಒಟ್ಟಿಗೆ ಮಡಿಸಿದ ಹಾಳೆಗಳ ಕಟ್ಟಿನ) ನಟ್ಟನಡುವಿನ ಪುಟಗಳದೊಂದು. ಆ ನಡುವಿನ ಮಡಿಕೆಯಲ್ಲಿ ದಾರ ಕಂಡರೆ ಹೊಲಿದ ಪುಸ್ತಕ. ಹೊಲಿಗೆಯಿಲ್ಲದೆ ಬರೀ ಅಂಟಿನಲ್ಲಿ ನಿಂತ ಪುಸ್ತಕಕ್ಕೆ ಎಷ್ಟು ಚಿನ್ನ ಬಳಿದಿದ್ದರೂ ಹೆಚ್ಚಿನ ಬೆಲೆ ಕೊಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮಳೆಗಾಲದಲ್ಲಿ ರಟ್ಟಿನ ಮೇಲೆ ಬೆಳ್ಳಗೆ ಏನೋ ಹರಡುತ್ತದೆ. ಕೊಬ್ಬರಿ ಎಣ್ಣೆ ಅಥವಾ ಶೂ ಪಾಲಿಶ್ ಹಚ್ಚಬಹುದೆ? (ಮಡಿಕೇರಿ)

ಎರಡನ್ನೂ ಹಚ್ಚಬೇಡಿ. ಎಣ್ಣೆ ಚರ್ಮದಿಂದ ಕಾಗದಕ್ಕೆ ಇಳಿದು ಕಲೆ ಮಾಡುತ್ತದೆ, ಅಂಟಂಟಾಗಿ ದೂಳು ಹಿಡಿಯುತ್ತದೆ, ಬೂಷ್ಟಿಗೆ ಆಹಾರವೂ ಆಗುತ್ತದೆ. ಹಿಂದೆ ಗ್ರಂಥಾಲಯಗಳಲ್ಲೂ ದನದ ಕಾಲಿನ ಎಣ್ಣೆ, ಲ್ಯಾನೊಲಿನ್ (ಕುರಿಯ ಉಣ್ಣೆಯ ಜಿಡ್ಡು) ಹಚ್ಚುತ್ತಿದ್ದರು. ಅದರಿಂದ ಆದ ಹಾನಿಯನ್ನು ಕಂಡೇ ಸಂರಕ್ಷಣಾ ತಜ್ಞರು ಈಗ ಬೇಡವೆನ್ನುತ್ತಾರೆ.

ಬಿಳಿಯದೆಲ್ಲ ಬೂಷ್ಟೇ ಆಗಿರಬೇಕಿಲ್ಲ. ಚರ್ಮದೊಳಗಿನ ಕೊಬ್ಬು ಹೊರಬಂದು ಮೇಣದಂತೆ ಗಟ್ಟಿಯಾಗುವುದೂ ಉಂಟು. ಹೇರ್ ಡ್ರೈಯರ್‌ನ ಕಡಿಮೆ ಬಿಸಿಯನ್ನು ಒಂದಡಿ ದೂರದಿಂದ ಕೆಲವೇ ಸೆಕೆಂಡು ತೋರಿಸಿ. ಕರಗಿ ಮಾಯವಾದರೆ ಕೊಬ್ಬು. ಅದನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಹಾಗೇ ಉಳಿದು, ಎಳೆ ಎಳೆಯಾಗಿದ್ದು, ಮುಗ್ಗಲು ವಾಸನೆ ಬಂದರೆ ಬೂಷ್ಟು.

ಬೂಷ್ಟಾದರೆ ಆ ಪುಸ್ತಕವನ್ನು ಉಳಿದವುಗಳಿಂದ ಬೇರೆ ಮಾಡಿ, ಫ್ಯಾನ್ ಇರುವ ಒಣ ಕೋಣೆಯಲ್ಲಿ ನಿಲ್ಲಿಸಿ. ಬಿಸಿಲಿಗೆ ಇಟ್ಟರೆ ಚರ್ಮ ಕುಗ್ಗಿ ರಟ್ಟು ಸೊಟ್ಟಗಾಗುತ್ತದೆ. ಬೂಷ್ಟು ಒಣಗಿ ಪುಡಿಯಾಗುವ ತನಕ ಮುಟ್ಟಬೇಡಿ: ಹಸಿ ಇದ್ದಾಗ ಒರೆಸಿದರೆ ಚರ್ಮದ ರಂಧ್ರದೊಳಕ್ಕೇ ತಿಕ್ಕಿದಂತೆ. ಒಣಗಿದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ಬೆನ್ನಿನಿಂದ ಅಂಚಿನ ಕಡೆಗೆ ಗುಡಿಸಿ. ಸ್ಪಿರಿಟ್ ಹಚ್ಚಿದರೆ ಚರ್ಮದ ಬಣ್ಣ ಬಿಡಬಹುದು.

ಇಷ್ಟು ಮಾಡಿ ಅದೇ ಕಪಾಟಿನಲ್ಲಿ ಹಾಗೇ ಇಟ್ಟರೆ ಮತ್ತೆ ಬರುತ್ತದೆ. ಗಾಳಿಯ ತೇವ ಶೇ. 65 ದಾಟಿದರೆ ಬೂಷ್ಟು ಏಳುತ್ತದೆ, ಶೇ. 45ರಿಂದ 55 ಇದ್ದರೆ ಒಳ್ಳೆಯದು. ಕಪಾಟಿನೊಳಗೆ ಒಂದು ತೇವಮಾಪಕ ಇಡಿ. ಹೊರಗೋಡೆಗೆ ಕಪಾಟು ತಾಗಿಸಬೇಡಿ, ಪುಸ್ತಕದ ಹಿಂದೆಯೂ ಒಂದೆರಡು ಇಂಚು ಜಾಗ ಬಿಡಿ. ತೇವ ಹೀರುವ ಸಿಲಿಕಾ ಜೆಲ್ ಹರಳು ಬಿಗಿಯಾಗಿ ಮುಚ್ಚುವ ಗಾಜಿನ ಕಪಾಟಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಬಣ್ಣ ಬದಲಾದಾಗ ಕಾಯಿಸಿ ಒಣಗಿಸಬೇಕು. ತೆರೆದ ಕಪಾಟಾದರೆ ಕೊಡಗಿನ ಜುಲೈನಲ್ಲಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಬಿಟ್ಟು ಬೇರೆ ದಾರಿಯಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಂತೂ ತೇವವನ್ನು ಒಳಗೇ ಕೂಡಿಹಾಕಿದ ಹಾಗೆ.

ಹತ್ತೊಂಬತ್ತನೇ ಶತಮಾನದ ಸೆಟ್ಟು. ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುತ್ತದೆ. (ಧಾರವಾಡ)

ಇದಕ್ಕೆ ‘ರೆಡ್ ರಾಟ್’ ಎನ್ನುತ್ತಾರೆ. ಆ ಕಾಲದ ಸಸ್ಯ ಟ್ಯಾನಿನ್‌ನಲ್ಲಿ (ಮರದ ತೊಗಟೆ ಮುಂತಾದವುಗಳ ಒಗರು ರಸದಲ್ಲಿ) ಹದ ಮಾಡಿದ ಚರ್ಮ, ಕಲ್ಲಿದ್ದಲ ಹೊಗೆಯ ಗಂಧಕದ ಅನಿಲವನ್ನು ಹೀರಿ ಆಮ್ಲವಾಗಿ, ನಾರು ತುಂಡಾಗಿ ಉದುರುತ್ತದೆ. ಹೋದ ಚರ್ಮ ಮರಳಿ ಬಾರದು, ಉಳಿದದ್ದನ್ನು ಹಿಡಿದಿಡಬಹುದು. 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ 2 ಗ್ರಾಂ ಕ್ಲೂಸೆಲ್ ಜಿ (ಸಂರಕ್ಷಕರು ಬಳಸುವ, ಸೆಲ್ಯುಲೋಸ್‌ನಿಂದ ಮಾಡಿದ ಅಂಟು) ಪುಡಿಯನ್ನು ಕಲಕುತ್ತಾ ಸ್ವಲ್ಪಸ್ವಲ್ಪವೇ ಉದುರಿಸಿ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಮುಚ್ಚಿ ಒಂದು ರಾತ್ರಿ ಬಿಡಿ. ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಬಣ್ಣ ಬಿಡದಿದ್ದರೆ ತೆಳುವಾಗಿ ಒಂದು ಕೈ ಬಳಿಯಿರಿ. ಕಾಗದಕ್ಕೂ ಚಿನ್ನದ ಅಕ್ಷರಕ್ಕೂ ತಾಗಬಾರದು, ಹತ್ತಿರ ಬೆಂಕಿ ಇರಬಾರದು. ನೀರು ಮಾತ್ರ ಎಂದಿಗೂ ಸೋಕಿಸಬೇಡಿ. ಇಂಥ ಚರ್ಮ ನೀರು ಬಿದ್ದಲ್ಲಿ ಕಪ್ಪಾಗಿ ಸೆಟೆಯುತ್ತದೆ.

ರಟ್ಟು ಕಳಚಿದ್ದರೆ ಒಂದಿಂಚು ಅಗಲದ ಹತ್ತಿಯ ಲಾಡಿ ಕಟ್ಟಿಡಿ. ರಬ್ಬರ್ ಬ್ಯಾಂಡು, ಸೆಲ್ಲೊಟೇಪು, ಬಿಳಿ ಗೋಂದು ಯಾವುದೂ ಬೇಡ.

ಚಿತ್ರಗಳಿರುವ ಆವೃತ್ತಿ ಕೊಳ್ಳುವಾಗ ಏನು ನೋಡಬೇಕು? (ಶಿವಮೊಗ್ಗ)

ಮುಂದಿನ ಪುಟಗಳಲ್ಲಿರುವ ಚಿತ್ರಪಟ್ಟಿ ಹಿಡಿದು ಒಂದೊಂದೇ ಎಣಿಸಿ. ಚೌಕಟ್ಟು ಹಾಕಿ ಮಾರಲು ಚಿತ್ರ ಕತ್ತರಿಸಿಕೊಂಡ ಪ್ರತಿಗಳು ಬಹಳ. ಹೊಲಿಗೆಯ ಬಳಿ ಉಳಿದ ಸಣ್ಣ ಪಟ್ಟಿ ಅದನ್ನು ಹೇಳಿಬಿಡುತ್ತದೆ. ಸಹಿ, ಸಂಖ್ಯೆಗಳನ್ನು ಕೊನೆಯ ಪುಟದಲ್ಲಿ ಹುಡುಕಿ. ಜಾರ್ಜ್ ಮೇಸಿ 1929ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಲಿಮಿಟೆಡ್ ಎಡಿಷನ್ಸ್ ಕ್ಲಬ್ ಮೊದಮೊದಲು ಸಾಮಾನ್ಯವಾಗಿ 1,500 ಪ್ರತಿಗಳನ್ನಷ್ಟೇ ಮುದ್ರಿಸಿ, ಹೆಚ್ಚಾಗಿ ಚಿತ್ರಕಾರರ ಸಹಿ ಹಾಕಿಸುತ್ತಿತ್ತು. 1935ರ ‘ಯುಲಿಸಿಸ್’ಗೆ ಚಿತ್ರ ಬರೆದು ಸಹಿ ಹಾಕಿದವರು ಫ್ರಾನ್ಸಿನ ಚಿತ್ರಕಾರ ಆನ್ರಿ ಮಾತಿಸ್, ಸುಮಾರು 250 ಪ್ರತಿಗಳಲ್ಲಿ ಲೇಖಕ ಜೇಮ್ಸ್ ಜಾಯ್ಸ್ ಅವರ ಸಹಿಯೂ ಇದೆ. ಆ ಪುಸ್ತಕದ ರಟ್ಟಿಗೆ ಹಾಕಿದ್ದು ಬಟ್ಟೆ, ಚರ್ಮವಲ್ಲ. ಸಂಗ್ರಹಿಸುವವರು ಅದನ್ನು ಹುಡುಕುವುದು ಒಳಗಿನ ಚಿತ್ರಕ್ಕಾಗಿ.

ಹೊಸ ಪುಸ್ತಕ ತೆರೆದ ಕೂಡಲೆ ಬೆನ್ನು ಲಟಕ್ಕೆಂದಿತು. (ಉಡುಪಿ)

ನಡುವಿನಿಂದ ಒಮ್ಮೆಲೇ ಬಿಡಿಸಿದ್ದರ ಫಲ. ಬೆನ್ನನ್ನು ಮೇಜಿನ ಮೇಲೆ ಊರಿ ಎರಡೂ ರಟ್ಟು ಮಲಗಿಸಿ. ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ, ಹೀಗೆ ಸರದಿಯಲ್ಲಿ ನಡುವಿಗೆ ಬರುವ ತನಕ ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಬನ್ನಿ. ಕಪಾಟಿನಿಂದ ತೆಗೆಯುವಾಗ ಬೆನ್ನಿನ ತಲೆಗೆ ಬೆರಳು ಹಾಕಿ ಎಳೆಯಬೇಡಿ. ಅಕ್ಕಪಕ್ಕದ ಎರಡು ಪುಸ್ತಕಗಳನ್ನು ಹಿಂದಕ್ಕೆ ತಳ್ಳಿ, ಬೇಕಾದದ್ದನ್ನು ಸೊಂಟದಲ್ಲಿ ಹಿಡಿದು ತೆಗೆಯಿರಿ.