ಊಹೆಗೆ ಲೈಸೆನ್ಸ್ ಬೇಕಾ ಮೇಷ್ಟ್ರೇ?

ಓದುಗರ ಪತ್ರ: "ಪಿಯು ಕಾಲೇಜಿನಲ್ಲಿ 34 ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಕಳೆದ ಸಂಚಿಕೆಯಲ್ಲಿ ಓದುಗರ ಪುಟ ನೋಡಿ ಬೇಸರವಾಯಿತು. ಕಿರಾಣಿ ಅಂಗಡಿಯವರೊಬ್ಬರು ಇಡೀ ವಿಶ್ವ ಉಸಿರಾಡುತ್ತಿದೆ, ಈಗ ಹಿಗ್ಗುತ್ತಿದೆ, ಮುಂದೆ ಕುಗ್ಗುತ್ತದೆ ಎನ್ನುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಆಕಾಶಕ್ಕೆ ಹಗ್ಗ ಕಟ್ಟಿ ಲಿಫ್ಟ್ ಹಾಕೋಣ ಎನ್ನುತ್ತಾಳೆ. ಇದಕ್ಕೆ ಎರಡು ಪುಟ! ಗೊತ್ತಿರುವವರು ಮಾತಾಡಲಿ, ಗೊತ್ತಿಲ್ಲದವರು ಕೇಳಲಿ. ವಿಜ್ಞಾನ ಅಂದರೆ ಅರಳಿಕಟ್ಟೆ ಹರಟೆ ಅಲ್ಲ. ಈ ಪುಟ ನಿಲ್ಲಿಸಿ." — ಹಾಸನದ ಓದುಗರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಗೆರೆ ಹಾಕಿದ ಹಾಳೆ, ಎಡಗಡೆ ಮಾರ್ಜಿನ್, "ಗೊತ್ತಿರುವವರು ಮಾತಾಡಲಿ" ಅನ್ನುವ ಸಾಲಿನ ಕೆಳಗೆ ಕೆಂಪು ಇಂಕಿನಲ್ಲಿ ಸ್ಕೇಲ್ ಇಟ್ಟು ಎಳೆದ ಎರಡು ಗೆರೆ. ಇಷ್ಟು ಕಾಳಜಿಯಿಂದ ಜಗಳಕ್ಕೆ ಬರುವ ಓದುಗರು ಸಿಗುವುದು ಕಷ್ಟ. ಅದಕ್ಕೇ ಎರಡು ಸಾಲಿನಲ್ಲಿ ಮುಗಿಸದೆ ಉದ್ದ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಮಾತಿನಲ್ಲಿ ಸತ್ಯ ಇದೆ, ಒಪ್ಪುತ್ತೇನೆ. ಇವತ್ತು ರಾತ್ರಿ ಭೂಮಿಯ ಹತ್ತಿರ ಕಾಸ್ಮಿಕ್ ಕಿರಣ ಹಾದುಹೋಗುತ್ತದೆ, ಮೊಬೈಲ್ ಆಫ್ ಮಾಡಿ ಮಲಗಿ ಅನ್ನುವ ವಾಟ್ಸಾಪ್ ಸಂದೇಶ ನನಗೂ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. 2012ರ ಡಿಸೆಂಬರ್‌ನಲ್ಲಿ ಪ್ರಳಯ ಅಂತ ಹೆದರಿ ಊಟ ಬಿಟ್ಟವರನ್ನು ಕಂಡಿದ್ದೇನೆ. ಆದರೆ ಮೇಷ್ಟ್ರೇ, ಅದನ್ನೂ ಇದನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಆ ಸಂದೇಶಗಳ ಕೊನೆಗೆ "ಎಲ್ಲರಿಗೂ ಕಳಿಸಿ" ಎಂದಿರುತ್ತದೆ. ಕಿರಾಣಿ ಅಂಗಡಿಯವರ ಪತ್ರದ ಕೊನೆಗೆ ಇದ್ದದ್ದು "ಹೀಗಿರಬಹುದಾ ಸರ್? ತಪ್ಪಿದ್ದರೆ ತಿಳಿಸಿ" ಅಂತ.

ನನಗೆ ಇದು ಯಾಕೆ ಇಷ್ಟು ಮುಖ್ಯ ಅಂತ ಹೇಳಬೇಕಾದರೆ 1980ಕ್ಕೆ ಹೋಗಬೇಕು. ಫೆಬ್ರವರಿ 16, ಶನಿವಾರ. ಕಾರವಾರ, ಅಂಕೋಲಾ ಕಡೆಯಿಂದ ಹುಬ್ಬಳ್ಳಿ, ಗದಗ, ರಾಯಚೂರು ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣ. ಗದಗದ ಹತ್ತಿರದ ಹಳ್ಳಿ ನಮ್ಮದು, ನನಗಾಗ ಒಂಬತ್ತು ವರ್ಷ. ಊರಿನ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅಜ್ಜಿ ನೀರಿನ ಹಂಡೆಗೆ, ಉಪ್ಪಿನಕಾಯಿ ಭರಣಿಗೆ ಗರಿಕೆ ಹಾಕಿ ನಮ್ಮನ್ನೆಲ್ಲ ಒಳಗೆ ಕೂಡಿ ಬಾಗಿಲು ಹಾಕಿದ್ದರು. ಪಶ್ಚಿಮದ ಕಿಟಕಿಯ ಹಲಗೆಯಲ್ಲಿ ಒಂದು ಮೊಳೆ ತೂತು ಇತ್ತು. ದಿನಾ ಮಧ್ಯಾಹ್ನ ಅದರಿಂದ ನೆಲದ ಮೇಲೆ ದುಂಡನೆಯ ಬೆಳಕಿನ ಬಿಲ್ಲೆ ಬೀಳುತ್ತಿತ್ತು. ಅವತ್ತು ಆ ಬಿಲ್ಲೆಯನ್ನು ಯಾರೋ ಕಚ್ಚಿದ ಹಾಗಿತ್ತು. ನೋಡುತ್ತ ನೋಡುತ್ತ ಅದು ಕುಡುಗೋಲಿನ ಆಕಾರಕ್ಕೆ ಬಂತು. ತೂತಿನಲ್ಲಿ ಏನೋ ಹುಳ ಸಿಕ್ಕಿಕೊಂಡಿದೆ ಅಂತ ನಾನು ಊಹಿಸಿದೆ.

ನಮ್ಮ ದೊಡ್ಡಪ್ಪ ಪೋಸ್ಟ್‌ಮ್ಯಾನ್, ಓದಿದ್ದು ಏಳನೇ ಇಯತ್ತೆ. ಅವರು ನನ್ನನ್ನು ಗದರಲಿಲ್ಲ, ಉತ್ತರವನ್ನೂ ಹೇಳಲಿಲ್ಲ. ಒಂದು ಪೋಸ್ಟ್‌ಕಾರ್ಡ್ ತೆಗೆದು, ಬ್ಲೇಡಿನಿಂದ ಅದರ ನಡುವೆ ಸಣ್ಣಗೆ ಮೂರು ಮೂಲೆಯ ತೂತು ಕೊಯ್ದರು. ಹಲಗೆಯನ್ನು ಒಂದಿಷ್ಟು ಸರಿಸಿ ಆ ಸಂದಿಗೆ ಕಾರ್ಡ್ ಹಿಡಿದರು. ತೂತು ಮೂರು ಮೂಲೆ, ನೆಲದ ಮೇಲಿನ ಬೆಳಕು ಮಾತ್ರ ಅದೇ ಕುಡುಗೋಲು. "ಇದು ತೂತಿಂದಲ್ಲೋ, ಸೂರ್ಯಂದು" ಅಂದರು. ಅಷ್ಟು ಹೊತ್ತಿಗೆ ಕುಡುಗೋಲು ದಾರದಷ್ಟು ಸಣ್ಣಗಾಗಿ ಮಾಯವಾಯಿತು. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಕತ್ತಲೆ. ಹೊರಗೆ ಕೋಳಿಗಳು ಗೂಡಿಗೆ ಓಡಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆಮೇಲೆ ಕುಡುಗೋಲು ಮತ್ತೆ ಹುಟ್ಟಿತು, ಈ ಸಲ ಇನ್ನೊಂದು ದಿಕ್ಕಿಗೆ ಮುಖ ಮಾಡಿ.

ನನ್ನ ಊಹೆ ಪೂರ್ತಿ ತಪ್ಪಾಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳದಿದ್ದರೆ ದೊಡ್ಡಪ್ಪ ಆ ಕಾರ್ಡ್ ಕೊಯ್ಯುತ್ತಿರಲಿಲ್ಲ, ನಾನು ಬಹುಶಃ ಈ ಕುರ್ಚಿಯಲ್ಲಿ ಕೂರುತ್ತಲೂ ಇರಲಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಅದೇ ಆಟವನ್ನು ಅಳತೆ ಹಿಡಿದು ಆಡಿದೆ. ತೂತಿನಿಂದ ಮೂರು ಮೀಟರ್ ದೂರದಲ್ಲಿ ಬೆಳಕಿಗೆ ನೇರ ಎದುರಾಗಿ ಹಾಳೆ ಹಿಡಿದರೆ, ಬಿಲ್ಲೆಯ ಅಗಲ ಹಳೇ ಒಂದು ರೂಪಾಯಿ ನಾಣ್ಯದಷ್ಟು, 2.8 ಸೆಂಟಿಮೀಟರ್. ಅಂದರೆ ದೂರ ಅಗಲದ 107 ಪಟ್ಟು. ಸೂರ್ಯ 15 ಕೋಟಿ ಕಿಲೋಮೀಟರ್ ದೂರ ಇದ್ದಾನೆ ಅಂತ ಪುಸ್ತಕ ಹೇಳುತ್ತದೆ. 107ರಿಂದ ಭಾಗಿಸಿದರೆ ಅವನ ಅಗಲ 14 ಲಕ್ಷ ಕಿಲೋಮೀಟರ್. ಪುಸ್ತಕದಲ್ಲಿ 13.9 ಲಕ್ಷ ಅಂತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಆ ಹುಡುಗಿಯ ಹಗ್ಗಕ್ಕೆ ಬರೋಣ. ನೀವು ಅವಳ ಪತ್ರವನ್ನು ಕೊನೆಯವರೆಗೆ ಓದಿದಿರಾ ಮೇಷ್ಟ್ರೇ? ಓದಿಲ್ಲ ಅಂತ ನನ್ನ ಅನುಮಾನ. ಕೊನೆಯ ಸಾಲಲ್ಲಿ ಅವಳು ಕೇಳಿದ್ದಳು: "ಅಷ್ಟು ಉದ್ದದ ಹಗ್ಗ ತನ್ನ ಭಾರಕ್ಕೇ ಹರಿಯಲ್ವಾ? ಮೇಲೆ ದಪ್ಪ, ಕೆಳಗೆ ಸಣ್ಣ ಮಾಡಬೇಕಾ?" ಬಾವಿಯಿಂದ ನೀರು ಸೇದುವ ಮನೆಯ ಹುಡುಗಿ ಅವಳು. ಕೊಡ ಅಷ್ಟೇ ಅಲ್ಲ, ಒದ್ದೆ ಹಗ್ಗವೂ ಭಾರ ಅಂತ ಅವಳ ಕೈಗೇ ಗೊತ್ತು. ಅವಳು ಕೇಳಿದ್ದೇ ಆ ಇಡೀ ವಿಷಯದ ತಿರುಳು! ಒಳ್ಳೆಯ ಉಕ್ಕಿನ ತಂತಿಯನ್ನು ನೇರವಾಗಿ ಇಳಿಬಿಟ್ಟರೂ ಸುಮಾರು ಮೂವತ್ತು, ನಲವತ್ತು ಕಿಲೋಮೀಟರಿಗೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಅವಳಿಗೆ ಬೇಕಾಗಿರುವುದು 35,786 ಕಿಲೋಮೀಟರ್ ಎತ್ತರದಿಂದ ಇಳಿಬಿಡುವ ಹಗ್ಗ. ನಮ್ಮ ಟಿವಿ ಉಪಗ್ರಹಗಳು ಭೂಮಿಯ ಜೊತೆಗೇ ಸುತ್ತುತ್ತ ಒಂದೇ ಕಡೆ ನಿಂತ ಹಾಗೆ ಕಾಣುವುದು ಆ ಎತ್ತರದಲ್ಲೇ. ಎಲ್ಲ ಭಾರವೂ ಅಲ್ಲಿಯೇ ಜೋತುಬೀಳುವುದರಿಂದ ಹಗ್ಗ ಅಲ್ಲಿ ಅತಿ ದಪ್ಪ ಇರಬೇಕು, ಕೆಳಗೆ ಬರುತ್ತ ಸಪೂರ ಆಗಬೇಕು. ಉಕ್ಕಿನಲ್ಲಿ ಈ ಲೆಕ್ಕ ಹಾಕಿದರೆ ಯಾವ ಲೋಕದಲ್ಲೂ ಆಗದಷ್ಟು ದಪ್ಪ ಬರುತ್ತದೆ. ಕಾರ್ಬನ್ ನ್ಯಾನೋಟ್ಯೂಬ್ ಅಂತ ಒಂದು ವಸ್ತು ಇದೆ, ಲೆಕ್ಕದಲ್ಲಿ ಅದು ತಡೆಯಬಹುದು. ಆದರೆ ಅಷ್ಟು ಉದ್ದದ, ಒಂದೂ ಕುಂದಿಲ್ಲದ ಹಗ್ಗ ಹೊಸೆಯಲು ಇವತ್ತಿನವರೆಗೂ ಯಾರಿಗೂ ಬಂದಿಲ್ಲ.

ಇದೇ ಊಹೆಯನ್ನು ಮೊದಲು ಮಾಡಿದವರು ಯಾರು ಗೊತ್ತಾ? ರಷ್ಯಾದ ಕಲೂಗಾ ಅನ್ನುವ ಸಣ್ಣ ಊರಿನ ಸ್ಕೂಲ್ ಮೇಷ್ಟ್ರು, ಹುಡುಗನಾಗಿದ್ದಾಗಲೇ ಜ್ವರ ಬಂದು ಕಿವಿ ಮಂದವಾದ ತ್ಸಿಯೋಲ್ಕೋವ್‌ಸ್ಕಿ. 1895ರಲ್ಲೇ ಆಕಾಶ ಮುಟ್ಟುವ ಗೋಪುರದ ಕನಸು ಕಂಡವರು. ಮೇಲಿನಿಂದ ಹಗ್ಗ ಇಳಿಬಿಡುವ ಯೋಚನೆ ಬಂದದ್ದು 1960ರಲ್ಲಿ. ಲೆನಿನ್‌ಗ್ರಾಡ್‌ನ ಇಂಜಿನಿಯರ್ ಯೂರಿ ಅರ್ತ್ಸುತಾನೊವ್ ಅದನ್ನು ಬರೆದದ್ದು ದೊಡ್ಡ ಸಂಶೋಧನಾ ಪತ್ರಿಕೆಯಲ್ಲಿ ಅಲ್ಲ. ಕೊಮ್ಸೊಮೋಲ್ಸ್ಕಾಯಾ ಪ್ರಾವ್ದಾ ಅನ್ನುವ ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ. ಆ ಪುರವಣಿಯ ಸಂಪಾದಕರು ಇದು ಹರಟೆ ಅಂತ ತೆಗೆದು ಬಿಸಾಡಿದ್ದರೆ?

ಸಂಪಾದಕರ ಮಾತು ಬಂತಲ್ಲ, ಈ ಕೆಲಸದಲ್ಲಿರುವ ಯಾರೂ ಮರೆಯಬಾರದ ಇನ್ನೊಂದು ಕಥೆ ಇದೆ. 1920ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ತನ್ನ ಸಂಪಾದಕೀಯದಲ್ಲಿ, ಚಂದ್ರನವರೆಗೂ ರಾಕೆಟ್ ಕಳಿಸಬಹುದು ಎಂದಿದ್ದ ಅಮೆರಿಕದ ರಾಬರ್ಟ್ ಗೊಡಾರ್ಡ್ ಅವರನ್ನು ಲೇವಡಿ ಮಾಡಿತು. ಗಾಳಿಯೇ ಇಲ್ಲದ ಕಡೆ ರಾಕೆಟ್ ಯಾವುದನ್ನು ಒದ್ದು ಮುಂದೆ ಹೋಗುತ್ತದೆ, ಇಷ್ಟೂ ಗೊತ್ತಿಲ್ಲವೇ ಅಂತ. ಗೊಡಾರ್ಡ್ ಭೌತಶಾಸ್ತ್ರದ ಪ್ರೊಫೆಸರ್, ಅವರಿಗೇ ಈ ಪಾಡು. 1926ರ ಮಾರ್ಚ್ 16ರಂದು ಅವರ ದ್ರವ ಇಂಧನದ ರಾಕೆಟ್ ಎರಡೂವರೆ ಸೆಕೆಂಡು ಹಾರಿ ಎಲೆಕೋಸಿನ ಹೊಲದಲ್ಲಿ ಬಿತ್ತು. ಪತ್ರಿಕೆ ತಪ್ಪೊಪ್ಪಿಕೊಂಡದ್ದು 1969ರ ಜುಲೈ 17ರಂದು, ಅಪೋಲೋ 11 ಚಂದ್ರನ ಕಡೆ ಹೊರಟ ಮರುದಿನ. ಅಷ್ಟರಲ್ಲಿ ಗೊಡಾರ್ಡ್ ತೀರಿಕೊಂಡು ಸುಮಾರು 24 ವರ್ಷವಾಗಿತ್ತು.

ಕಿರಾಣಿ ಅಂಗಡಿಯವರ ಉಸಿರಾಟದ ವಿಚಾರ ಹೇಳಿ ಬೇಗ ಮುಗಿಸುತ್ತೇನೆ. ಹಿಗ್ಗಿ ಕುಗ್ಗುವ ವಿಶ್ವದ ಲೆಕ್ಕವನ್ನು ರಷ್ಯಾದ ಗಣಿತಜ್ಞ ಫ್ರೀಡ್‌ಮನ್ 1922ರಲ್ಲೇ ಕಾಗದದ ಮೇಲೆ ಹಾಕಿದ್ದರು. 1998ರಲ್ಲಿ ದೂರದ ಸೂಪರ್‌ನೋವಾಗಳನ್ನು, ಅಂದರೆ ಸಿಡಿಯುವ ನಕ್ಷತ್ರಗಳನ್ನು ಅಳೆದಾಗ ಹಿಗ್ಗುವ ವೇಗ ಕಮ್ಮಿಯಾಗುವ ಬದಲು ಜಾಸ್ತಿಯಾಗುತ್ತಿದೆ ಅಂತ ಗೊತ್ತಾಯಿತು, 2011ರಲ್ಲಿ ಅದಕ್ಕೆ ನೊಬೆಲ್ ಬಂತು. ಹಾಗಾಗಿ ಸದ್ಯಕ್ಕೆ ಅವರ ಊಹೆಗೆ ಸಾಕ್ಷಿ ಇಲ್ಲ. ಇದನ್ನು ಅವರ ಪತ್ರದ ಕೆಳಗೇ ಹಾಕಿದ್ದೆವು, ಅವರು ಬೇಜಾರೂ ಮಾಡಿಕೊಳ್ಳಲಿಲ್ಲ. ಆ ವೇಗವರ್ಧನೆ ಕಾಲ ಕಳೆದ ಹಾಗೆ ಸ್ವಲ್ಪ ಸಡಿಲವಾಗುತ್ತಿರಬಹುದು ಅನ್ನುವ ಸುಳಿವು ಗೆಲಾಕ್ಸಿಗಳ ನಕ್ಷೆ ಮಾಡುತ್ತಿರುವ ಅಮೆರಿಕದ ಅರಿಜೋನಾದ ಡೆಸಿ ಯೋಜನೆಯವರಿಗೆ ಈಚೆಗೆ ಸಿಕ್ಕಿದೆ. ಇನ್ನೂ ಖಚಿತ ಅಲ್ಲ. ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ.

ಒಳ್ಳೆಯ ಪ್ರಶ್ನೆ, ಒಳ್ಳೆಯ ಊಹೆ ಯಾರಿಂದ ಬೇಕಾದರೂ ಬರಬಹುದು ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ನೀವು ಮಲೆನಾಡಿಗೆ ಹತ್ತಿರದವರು, ಅಡಿಕೆ ತೋಟ ನೋಡಿರುತ್ತೀರಿ. ಸಣ್ಣ ತೋಟದ ನಡುವೆ ನಿಂತರೆ ಮರಗಳ ಸಂದಿಯಲ್ಲಿ ಆಚೆಯ ರಸ್ತೆ ಕಾಣುತ್ತದೆ. ಎಕರೆಗಟ್ಟಲೆ ತೋಟದ ನಡುವೆ ನಿಂತರೆ ಎತ್ತ ನೋಡಿದರೂ ಕಾಂಡವೇ, ಸಂದಿಯೇ ಇಲ್ಲ. ಆಕಾಶದಲ್ಲೂ ನಕ್ಷತ್ರಗಳಿಗೆ ಕೊನೆ ಇಲ್ಲದಿದ್ದರೆ ಎತ್ತ ನೋಡಿದರೂ ಒಂದು ನಕ್ಷತ್ರ ಅಡ್ಡ ಬರಬೇಕು, ರಾತ್ರಿ ಹಗಲಿನಂತೆ ಹೊಳೆಯಬೇಕು. ಮತ್ತೆ ರಾತ್ರಿ ಯಾಕೆ ಕಪ್ಪು? 1823ರಲ್ಲಿ ಈ ಪ್ರಶ್ನೆಯನ್ನು ಬರೆದಿಟ್ಟ ಓಲ್ಬರ್ಸ್ ಜರ್ಮನಿಯ ಬ್ರೆಮೆನ್ ಊರಿನ ವೈದ್ಯ, ಹಗಲು ರೋಗಿಗಳನ್ನು ನೋಡಿ ರಾತ್ರಿ ಆಕಾಶ ನೋಡುತ್ತಿದ್ದವರು. ಅವರಿಗಿಂತ ಮುಂಚೆಯೂ ಕೇಳಿದವರಿದ್ದರು. ಸರಿಯಾದ ಉತ್ತರದ ಹತ್ತಿರ ಬಂದವರು ಅಮೆರಿಕದ ಕವಿ ಎಡ್ಗರ್ ಆಲನ್ ಪೋ, 1848ರಲ್ಲಿ. ದೂರದ ನಕ್ಷತ್ರಗಳ ಬೆಳಕು ಇನ್ನೂ ನಮ್ಮನ್ನು ಮುಟ್ಟಿಯೇ ಇಲ್ಲ ಅಂತ ಅವರು ಊಹಿಸಿದರು. ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ ವಯಸ್ಸು ಅಂತ ಈಗ ಗೊತ್ತಿದೆ, ಅದಕ್ಕಿಂತ ಹೆಚ್ಚು ಕಾಲ ನಡೆದು ಬರಬೇಕಾದ ಬೆಳಕು ಇನ್ನೂ ದಾರಿಯಲ್ಲೇ ಇದೆ. ಪೋ ಅದೇ ಬರಹದಲ್ಲಿ ತಪ್ಪುಗಳನ್ನೂ ಬೇಕಾದಷ್ಟು ಬರೆದಿದ್ದಾರೆ. ಇರಲಿ ಬಿಡಿ.

ಇನ್ನೊಂದು ಪತ್ರದ ಕಥೆ ಹೇಳಲೇಬೇಕು. ಅಮೆರಿಕದ ಕಾನ್ಸಾಸ್‌ನ ರೈತನ ಮಗ ಕ್ಲೈಡ್ ಟಾಂಬಾ. ಆಲಿಕಲ್ಲು ಮಳೆಗೆ ಬೆಳೆ ಹೋಯಿತು, ಕಾಲೇಜಿನ ಆಸೆಯೂ ಹೋಯಿತು. ಹಳೇ ಕಾರಿನ, ಹೊಲದ ಯಂತ್ರಗಳ ಬಿಡಿಭಾಗ ಜೋಡಿಸಿ ತಾನೇ ದೂರದರ್ಶಕ ಮಾಡಿಕೊಂಡ. ಅದರಲ್ಲಿ ಕಂಡ ಮಂಗಳ, ಗುರು ಗ್ರಹಗಳ ಚಿತ್ರ ಬಿಡಿಸಿ ಲೊವೆಲ್ ವೀಕ್ಷಣಾಲಯಕ್ಕೆ ಕಳಿಸಿದ. ಪರ್ಸಿವಲ್ ಲೊವೆಲ್ ಅಂದರೆ ಮಂಗಳದಲ್ಲಿ ಕಾಲುವೆಗಳಿವೆ, ಅವನ್ನು ಅಗೆದ ಜನರೂ ಇದ್ದಾರೆ ಅಂತ ಜೀವನಪೂರ್ತಿ ತಪ್ಪು ಊಹಿಸಿದವರು. ಆದರೆ ಅದೇ ಹುಚ್ಚಿನಲ್ಲಿ ಅವರು ಕಟ್ಟಿಸಿದ ವೀಕ್ಷಣಾಲಯ ಉಳಿಯಿತು. ಅಲ್ಲಿದ್ದವರು ಈ ಹುಡುಗನ ಪತ್ರಕ್ಕೆ ಉತ್ತರ ಬರೆದರು, ಕೆಲಸಕ್ಕೂ ಕರೆದರು. 1930ರ ಫೆಬ್ರವರಿ 18ರಂದು ಅವನು ಪ್ಲೂಟೋ ಕಂಡುಹಿಡಿದ. ಆಗ ಅವನಿಗೆ 24 ವರ್ಷ.

ನನ್ನ ಸಂಕಟ ಇರುವುದೇ ಇಲ್ಲಿ. ನಮ್ಮಲ್ಲಿ ಇಂಥ ಪತ್ರಗಳಿಗೆ ಉತ್ತರ ಬರೆಯುವವರು ಯಾರು? ಹೋದ ವರ್ಷ ಒಂದು ಹೈಸ್ಕೂಲಿಗೆ ಹೋಗಿದ್ದೆ, ಹೆಸರು ಬೇಡ. ಪ್ರಯೋಗಾಲಯದ ಬೀಗದ ಕೈ ಹುಡುಕಲು ಅರ್ಧ ಗಂಟೆ ಹಿಡಿಯಿತು. ಒಳಗೆ ಬೀರುವಿನಲ್ಲಿ ಒಂದು ಪ್ರಿಸಮ್, ಅಂಗಡಿಯಿಂದ ಬಂದಾಗ ಸುತ್ತಿದ್ದ ಕಾಗದದಲ್ಲೇ ಇತ್ತು. ಕಾಗದ ಹಳದಿಯಾಗಿತ್ತು. ಬಿಚ್ಚಿ ಕಿಟಕಿಯ ಬಿಸಿಲಿಗೆ ಹಿಡಿದೆ. ಗೋಡೆಯ ಮೇಲೆ ಬಣ್ಣ ಬಿದ್ದದ್ದೇ ತಡ, ಹತ್ತನೇ ಕ್ಲಾಸಿನ ಹುಡುಗರು ಹೋ ಅಂತ ಕೂಗಿಬಿಟ್ಟರು. ಆ ಹುಡುಗರಿಗೆ ಬೆಳಕಿನ ವರ್ಣವಿಭಜನೆಯ ವ್ಯಾಖ್ಯೆ ಬಾಯಿಪಾಠ ಇತ್ತು. ಐದು ಅಂಕದ ಪ್ರಶ್ನೆಗೆ ಚಿತ್ರ ಸಮೇತ ಬರೆಯುತ್ತಾರೆ. ಇವರೆಲ್ಲ ನಿಮ್ಮ ಲೆಕ್ಕದಲ್ಲಿ ಗೊತ್ತಿರುವವರು ಅಲ್ವಾ?

ಗೊತ್ತಿರುವ ದೊಡ್ಡವರ ವಿಷಯಕ್ಕೂ ಬರುತ್ತೇನೆ. ಬೆಂಗಳೂರಿನಲ್ಲಿ ಎಷ್ಟು ದೊಡ್ಡ ಸಂಸ್ಥೆಗಳಿವೆ, ಎಂಥೆಂಥ ಕೆಲಸ ಮಾಡುತ್ತಿವೆ! ಅಲ್ಲಿರುವವರಲ್ಲಿ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡಿ ಅಂದರೆ ಬರೆಯುವವರು ಬೆರಳೆಣಿಕೆ. ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರ ನೆನಪಾಗುತ್ತದೆ. ಬೆಳಕನ್ನೂ ಹೊರಗೆ ಬಿಡದ ಕಪ್ಪುಕುಳಿಗೆ (ಬ್ಲ್ಯಾಕ್ ಹೋಲ್) ಪೆಟ್ಟು ಬಿದ್ದರೆ ಅದು ಗಂಟೆಯ ಹಾಗೆ ಮೊಳಗಿ ಮೆಲ್ಲಗೆ ಸುಮ್ಮನಾಗುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು. ಕಪ್ಪುಕುಳಿ ಇದೆಯೋ ಇಲ್ಲವೋ ಅಂತಲೇ ಜನ ವಾದ ಮಾಡುತ್ತಿದ್ದ ಕಾಲ ಅದು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳಿಗೆ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಎಬ್ಬಿಸಿದ ಗುರುತ್ವದ ಅಲೆ ಸಿಕ್ಕಾಗ ಅದರ ಬಾಲದಲ್ಲಿ ಆ ಮೊಳಗು ಇತ್ತು. ಅಂಥವರು ಬೆಂಗಳೂರಿನ ನೆಹರು ತಾರಾಲಯವನ್ನು ಮೊದಲಿನಿಂದ ಕಟ್ಟಿ ನಡೆಸಿದರು, ಸ್ಕೂಲ್ ಮಕ್ಕಳಿಗೆ ಆಕಾಶ ತೋರಿಸುವುದು ಸಣ್ಣ ಕೆಲಸ ಅಂದುಕೊಳ್ಳಲಿಲ್ಲ. ಅಂಥವರು ಇನ್ನೂ ಹತ್ತು ಜನ ಇದ್ದಿದ್ದರೆ ನಮ್ಮ ಓದುಗರ ಪುಟಕ್ಕೆ ಬರುವ ಪ್ರಶ್ನೆಗಳಿಗೆ ನಾನು ಊರೆಲ್ಲ ಫೋನ್ ಮಾಡಬೇಕಾಗಿರಲಿಲ್ಲ.

ಆದ್ದರಿಂದ ಮೇಷ್ಟ್ರೇ, ಪುಟ ನಿಲ್ಲಿಸುವುದಿಲ್ಲ. ಮುಂದಿನ ತಿಂಗಳಿಂದ ಎರಡಲ್ಲ, ಮೂರು ಪುಟ. ಒಂದು ನಿಯಮ ಸೇರಿಸುತ್ತಿದ್ದೇವೆ, ಅದು ನಿಮ್ಮ ಪತ್ರದಿಂದಲೇ ಹುಟ್ಟಿದ್ದು: ಊಹೆ ಬರೆದವರು ಅದು ಸುಳ್ಳಾದರೆ ಹೇಗೆ ಗೊತ್ತಾಗುತ್ತದೆ ಅಂತಲೂ ಒಂದು ಸಾಲು ಬರೆಯಬೇಕು. ನನ್ನ ದೊಡ್ಡಪ್ಪನ ಪೋಸ್ಟ್‌ಕಾರ್ಡಿನ ಹಾಗೆ ಏನಾದರೂ ಒಂದು. ಮತ್ತೆ, ಅದಕ್ಕೆ ಉತ್ತರ ಬರೆಯುವ ಕೆಲಸವನ್ನು ನೀವು ವಹಿಸಿಕೊಳ್ಳಬೇಕು ಅಂತ ಕೇಳುತ್ತಿದ್ದೇನೆ. 34 ವರ್ಷದ ಪಾಠ ಸುಮ್ನೆ ಮನೆಯಲ್ಲಿ ಕೂರಬಾರದು. ಕಿರಾಣಿ ಅಂಗಡಿಯವರ ಎರಡನೇ ಪತ್ರ ನಿನ್ನೆ ಬಂದಿದೆ. ಗೆಲಾಕ್ಸಿಗಳು ದೂರ ಓಡುತ್ತಿವೆ ಅಂತ ಇಲ್ಲೇ ಕೂತವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದ್ದಾರೆ. ಅದರ ಪ್ರತಿಯನ್ನು ಈ ಉತ್ತರದ ಜೊತೆಗೇ ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ್ದೇನೆ. ಹದಿನೈದನೇ ತಾರೀಖಿನೊಳಗೆ ಬರೆದುಕೊಟ್ಟರೆ ಮುಂದಿನ ಸಂಚಿಕೆಗೆ ಸೇರಿಸಬಹುದು.