ವಾರಕ್ಕೆ ಎರಡೇ ಸಲ, ಅದೂ ತಿಣುಕಿ ತಿಣುಕಿ

ಪ್ರಶ್ನೆ: ನನಗೆ 46 ವರ್ಷ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಎರಡು ವರ್ಷದಿಂದ ವಾರಕ್ಕೆ ಎರಡೇ ಸಲ ಮೋಷನ್ ಆಗೋದು, ಅದೂ ತಿಣುಕಿ ತಿಣುಕಿ. ರಕ್ತ ಕಡಿಮೆ ಅಂತ ನಾಲ್ಕು ತಿಂಗಳಿಂದ ಐರನ್ ಮಾತ್ರೆ ನುಂಗುತ್ತಿದ್ದೇನೆ, ಈಗ ಇನ್ನೂ ಬಿಗಿ. ಹೇಳಿಕೊಳ್ಳೋಕೂ ಸಂಕೋಚ. ಇದು ನನಗೊಬ್ಬಳಿಗೇನಾ ಡಾಕ್ಟ್ರೇ?

ಉತ್ತರ: ಖಂಡಿತ ಅಲ್ಲ ತಾಯಿ. ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ದೀರ್ಘಕಾಲದ ಮಲಬದ್ಧತೆ ಇದೆ. ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿ, ಹಾಸಿಗೆ ಹಿಡಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ದಿನಾ ಹೋದರೂ ಆಡಿನ ಹಿಕ್ಕೆಯಂತೆ ಗಟ್ಟಿಯಾಗಿದ್ದರೆ, ಪೂರ್ತಿ ಆಗಿಲ್ಲ ಅನ್ನಿಸುತ್ತಲೇ ಇದ್ದರೆ ಅದೂ ಮಲಬದ್ಧತೆಯೇ.

ನಿಮ್ಮಂತೆ ಹೊಲಿಗೆ ಕೆಲಸದ ಹೆಂಗಸರು ನನ್ನ ಮುಂದೆ ಕೂತು ಹೇಳುವ ಮಾತೊಂದಿದೆ: "ಟಾರ್ಗೆಟ್ ಇರುವಾಗ ಮಿಷನ್ ಬಿಟ್ಟು ಏಳೋಕಾಗಲ್ಲ, ಅದಕ್ಕೇ ನೀರೂ ಕುಡಿಯಲ್ಲ." ಇದನ್ನು ಕೇಳಿದಾಗೆಲ್ಲ ಸಂಕಟವಾಗುತ್ತದೆ. ಬಂದ ಒತ್ತಡ ತಡೆದರೆ ಮಲ ಒಳಗೇ ನಿಲ್ಲುತ್ತದೆ, ಕರುಳು ಅದರ ನೀರು ಹೀರುತ್ತಲೇ ಇರುತ್ತದೆ, ಕಲ್ಲಾಗುತ್ತದೆ. ವರ್ಷಗಟ್ಟಲೆ ತಡೆದರೆ ಗುದನಾಳ ಸೂಚನೆ ಕೊಡುವುದನ್ನೇ ಕಡಿಮೆ ಮಾಡುತ್ತದೆ. ತಿಂಡಿ ತಿಂದ ಅರ್ಧ ಗಂಟೆಯೊಳಗೆ ಕರುಳು ತಾನಾಗಿಯೇ ಚುರುಕಾಗುತ್ತದೆ. ಕೆಲಸಕ್ಕೆ ಓಡುವ ಮೊದಲು ಆ ಹೊತ್ತಿನಲ್ಲಿ ಹತ್ತು ನಿಮಿಷ ಕೂರಿ. ಕಮೋಡ್ ಆದರೆ ಕಾಲ ಕೆಳಗೆ ಪುಟ್ಟ ಮಣೆ ಇಡಿ.

ಐರನ್ ಮಾತ್ರೆ ಬಿಗಿ ಮಾಡುವುದು ನಿಜ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನು ಕೇಳಿ. ರಕ್ತ ಯಾಕೆ ಕಡಿಮೆಯಾಯಿತು ಅಂತಲೂ ಕೇಳಿ, ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿದ್ದರೆ ಮುಚ್ಚಿಡಬೇಡಿ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ, ಅದು ಕಡಿಮೆಯಾದರೂ ಹೀಗಾಗುತ್ತದೆ. ನೋವಿಗೆ ಟ್ರಮಡಾಲ್, ಬಿಪಿಗೆ ವೆರಪಮಿಲ್ ಇದ್ದರೆ ಅದನ್ನೂ ಹೇಳಿ.

ಊಟದಲ್ಲಿ ಸೊಪ್ಪಿನ ಬಸ್ಸಾರು, ಮೊಳಕೆ ಹುರುಳಿ, ಸೀಬೆಹಣ್ಣು ಇರಲಿ. ಇಸಬ್ಗೋಲ್ ತೆಗೆದುಕೊಂಡರೆ ದೊಡ್ಡ ಲೋಟ ನೀರಿನ ಜೊತೆಗೇ, ಇಲ್ಲದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ.

ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ, ಈ ವಾರವೇ ತೋರಿಸಿ. ಐರನ್‌ನಿಂದ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೆ ಅದು ಬೇರೆ, ತಡಮಾಡದೆ ಆಸ್ಪತ್ರೆಗೆ ಹೋಗಿ.